ಹಳೆಯ ಟ್ರ್ಯಾಕ್ಟರ್‌ಗಳ ಪವರ್ ಸ್ಟಿಯರಿಂಗ್ ದೋಷ: ಪತ್ತೆ, ದುರಸ್ತಿ ಹಾಗೂ ನೋಂದಣಿ ನವೀಕರಣ ಕುರಿತು ರೈತರಿಗೆ ಮಾಹಿತಿ

(ಹಾಸನ ಜಿಲ್ಲೆಯ ಅರಸೀಕೆರೆ ಹಾಗೂ ಬೇಲೂರು ತಾಲ್ಲೂಕುಗಳು ಮತ್ತು ಹಳೇಬೀಡು ಹೋಬಳಿಯ ಟ್ರ್ಯಾಕ್ಟರ್ ಮಾಲೀಕರ ಗಮನಕ್ಕೆ)

1. ಪೀಠಿಕೆ

ಅರಸೀಕೆರೆ ತಾಲ್ಲೂಕಿನ ರಾಗಿ ಹೊಲಗಳು ಹಾಗೂ ತೆಂಗಿನ ತೋಟಗಳಲ್ಲಿ, ಹಳೇಬೀಡು ಸುತ್ತಲಿನ ಆಲೂಗಡ್ಡೆ, ಶುಂಠಿ ಮತ್ತು ಮುಸುಕಿನ ಜೋಳದ ಹೊಲಗಳಲ್ಲಿ, ಬೇಲೂರಿನ ಪಶ್ಚಿಮ ಭಾಗದ ಭತ್ತದ ಗದ್ದೆಗಳಲ್ಲಿ ಹದಿನೈದು ವರ್ಷ ಮೀರಿದ ಟ್ರ್ಯಾಕ್ಟರ್‌ಗಳು ಇಂದಿಗೂ ದುಡಿಯುತ್ತಿವೆ. ಇಂತಹ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಸುಸ್ಥಿತಿಯಲ್ಲಿದ್ದರೂ ಪವರ್ ಸ್ಟಿಯರಿಂಗ್ ವ್ಯವಸ್ಥೆಯು ಕ್ರಮೇಣ ಕ್ಷೀಣಿಸುವುದು ಸಾಮಾನ್ಯವಾಗಿದೆ.

ಸ್ಟಿಯರಿಂಗ್ ಬಿಗಿಯಾದ ಕೂಡಲೇ ಪಂಪನ್ನು ಬದಲಾಯಿಸುವುದು, ಅದರಿಂದಲೂ ಸರಿಹೋಗದಿದ್ದಲ್ಲಿ ನಿಯಂತ್ರಣ ಘಟಕವನ್ನು ಬದಲಾಯಿಸುವುದು, ಕೊನೆಗೆ ದೋಷವು ಎಣ್ಣೆಯ ಜಾಲರಿಯಲ್ಲಿಯೋ, ಕಿಂಗ್‌ಪಿನ್‌ನಲ್ಲಿಯೋ ಇತ್ತೆಂದು ತಿಳಿಯುವುದು ರೈತರಿಗೆ ಅನಗತ್ಯ ವೆಚ್ಚವನ್ನು ಉಂಟುಮಾಡುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ದೋಷಪೂರಿತ ಸ್ಟಿಯರಿಂಗ್ ಇರುವ ಟ್ರ್ಯಾಕ್ಟರ್‌ಗೆ ತುಂಬಿದ ಟ್ರೇಲರ್ ಜೋಡಿಸಿ ರಸ್ತೆಗೆ ತರುವುದು ಚಾಲಕರ ಹಾಗೂ ಇತರರ ಪ್ರಾಣಕ್ಕೆ ಅಪಾಯಕರ.

ಪವರ್ ಸ್ಟಿಯರಿಂಗ್ ಮುನ್ಸೂಚನೆ ಇಲ್ಲದೆ ಕೆಡುವುದು ವಿರಳ. ಅದು ನೀಡುವ ಲಕ್ಷಣಗಳನ್ನು ಗುರುತಿಸಿ, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಖರ್ಚಿನ ಪರೀಕ್ಷೆಗಳತ್ತ ಕ್ರಮವಾಗಿ ಸಾಗಿದಲ್ಲಿ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ. ಈ ಉದ್ದೇಶದಿಂದ ರೈತ ಬಾಂಧವರಿಗೆ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ವ್ಯವಸ್ಥೆಯು ಕಾರ್ಯನಿರ್ವಹಿಸುವ ಬಗೆ

ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪವರ್ ಸ್ಟಿಯರಿಂಗ್ ಕಂಡುಬರುತ್ತದೆ. ತಮ್ಮ ಟ್ರ್ಯಾಕ್ಟರ್‌ನಲ್ಲಿರುವುದು ಯಾವುದೆಂದು ಮೊದಲು ತಿಳಿದುಕೊಳ್ಳತಕ್ಕದ್ದು.

(ಅ) ಸಹಾಯಕ ಬಗೆ: ಇದರಲ್ಲಿ ಹಳೆಯ ಪದ್ಧತಿಯ ಗೇರ್ ಪೆಟ್ಟಿಗೆ ಮತ್ತು ಸಲಾಕೆಗಳು ಹಾಗೆಯೇ ಇರುತ್ತವೆ. ಎಣ್ಣೆಯ ಒತ್ತಡದಿಂದ ನಡೆಯುವ ಸಿಲಿಂಡರ್ ಚಾಲಕನ ಕೈಬಲಕ್ಕೆ ನೆರವಾಗುತ್ತದೆ. ಎಣ್ಣೆಯ ಒತ್ತಡ ಇಲ್ಲವಾದರೂ ಚುಕ್ಕಾಣಿ ಚಕ್ರಕ್ಕೂ ಮುಂಗಾಲಿಗಳಿಗೂ ಇರುವ ಕಬ್ಬಿಣದ ಸಂಪರ್ಕ ಉಳಿದಿರುತ್ತದೆ.

(ಆ) ಪೂರ್ಣ ಹೈಡ್ರಾಲಿಕ್ ಬಗೆ: ಇದರಲ್ಲಿ ಚುಕ್ಕಾಣಿ ಚಕ್ರಕ್ಕೂ ಮುಂಗಾಲಿಗಳಿಗೂ ನಡುವೆ ಯಾವುದೇ ಕಬ್ಬಿಣದ ಸಂಪರ್ಕ ಇರುವುದಿಲ್ಲ. ಚುಕ್ಕಾಣಿಯ ಕಂಬದ ಬುಡದಲ್ಲಿ ನಿಯಂತ್ರಣ ಘಟಕವಿದ್ದು, ಮೆಕ್ಯಾನಿಕ್‌ಗಳು ಇದನ್ನು ಆರ್ಬಿಟ್ರೋಲ್ ಎಂದು ಕರೆಯುವುದುಂಟು. ಚಾಲಕನು ಚಕ್ರವನ್ನು ಎಷ್ಟು ತಿರುಗಿಸುವನೋ ಅಷ್ಟು ಅಳತೆಯ ಎಣ್ಣೆಯನ್ನು ಇದು ಮುಂದಿನ ಆಕ್ಸಲ್‌ನ ಸಿಲಿಂಡರ್‌ಗೆ ಕಳುಹಿಸುತ್ತದೆ. ಎಂಜಿನ್ ನಿಂತಾಗ ಇದೇ ಘಟಕವು ಕೈಪಂಪಿನಂತೆ ವರ್ತಿಸುವುದರಿಂದ, ಹೆಚ್ಚು ಬಲ ಬೇಕಾದರೂ ಗಾಲಿಗಳನ್ನು ತಿರುಗಿಸಬಹುದು. ಆದರೆ ಘಟಕದಿಂದ ಸಿಲಿಂಡರ್‌ಗೆ ಹೋಗುವ ಹೋಸ್ ಒಡೆದರೆ ಅಥವಾ ವ್ಯವಸ್ಥೆಯಲ್ಲಿ ಎಣ್ಣೆ ಇಲ್ಲವಾದರೆ ಚಕ್ರ ತಿರುಗಿಸಿದರೂ ಗಾಲಿ ತಿರುಗುವುದಿಲ್ಲ.

ಆದುದರಿಂದ ಪೂರ್ಣ ಹೈಡ್ರಾಲಿಕ್ ಬಗೆಯಲ್ಲಿ ಒಂದು ರಬ್ಬರ್ ಹೋಸ್‌ನ ಬಿರುಕನ್ನು ಸಣ್ಣ ಸೋರಿಕೆಯೆಂದು ಉಪೇಕ್ಷಿಸತಕ್ಕದ್ದಲ್ಲ. ಆ ಹೋಸ್ ಒಂದೇ ಚಾಲಕನಿಗೂ ಗಾಲಿಗಳಿಗೂ ಇರುವ ಸಂಬಂಧವಾಗಿದೆ.

ಎರಡೂ ಬಗೆಗಳಲ್ಲಿ ಎಣ್ಣೆಯ ತೊಟ್ಟಿ, ಜಾಲರಿ, ಪಂಪು, ಒತ್ತಡ ಮಿತಿಗೊಳಿಸುವ ರಿಲೀಫ್ ವಾಲ್ವ್, ಹೋಸ್‌ಗಳು ಮತ್ತು ಸಿಲಿಂಡರ್ ಎಂಬ ಭಾಗಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಸ್ಟಿಯರಿಂಗ್‌ಗೆ ಪ್ರತ್ಯೇಕ ತೊಟ್ಟಿ ಇರುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಹಿಂದಿನ ಲಿಫ್ಟ್ ಬಳಸುವ ಎಣ್ಣೆಯನ್ನೇ ಸ್ಟಿಯರಿಂಗ್ ಕೂಡ ಬಳಸುತ್ತದೆ. ಎರಡನೆಯ ಸಂದರ್ಭದಲ್ಲಿ ಸ್ಟಿಯರಿಂಗ್ ಬಿಗಿಯಾಗುವುದರ ಜೊತೆಗೆ ಲಿಫ್ಟ್ ಕೂಡ ನಿಧಾನವಾಗಿದ್ದರೆ ದೋಷವು ಎರಡಕ್ಕೂ ಸಮಾನವಾದ ಎಣ್ಣೆ, ಜಾಲರಿ ಅಥವಾ ಪಂಪಿನಲ್ಲಿರುವ ಸಂಭವ ಹೆಚ್ಚು.

3. ಪರೀಕ್ಷೆಗೆ ಮುನ್ನ ಪಾಲಿಸಬೇಕಾದ ಸುರಕ್ಷತಾ ಕ್ರಮಗಳು

(1) ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಟ್ರೇಲರ್ ಹಾಗೂ ಉಪಕರಣಗಳನ್ನು ಬೇರ್ಪಡಿಸಿ ಅಥವಾ ನೆಲಕ್ಕೆ ಇಳಿಸಿ, ಕೈಬ್ರೇಕ್ ಹಾಕಿ, ಹಿಂಗಾಲಿಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಇಡತಕ್ಕದ್ದು.

(2) ಮುಂಭಾಗವನ್ನು ಎತ್ತುವಾಗ ಜಾಕ್ ಒಂದನ್ನೇ ನಂಬತಕ್ಕದ್ದಲ್ಲ. ಆಕ್ಸಲ್‌ನ ಅಡಿಯಲ್ಲಿ ಗಟ್ಟಿಯಾದ ಸ್ಟ್ಯಾಂಡ್ ಅಥವಾ ಮರದ ದಿಮ್ಮಿಗಳ ಆಸರೆ ನೀಡತಕ್ಕದ್ದು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್‌ಗಳನ್ನು ಬಳಸಬಾರದು. ಅವು ಹಠಾತ್ತನೆ ಒಡೆಯುತ್ತವೆ.

(3) ಎಂಜಿನ್ ಚಾಲನೆಯಲ್ಲಿರುವಾಗ ಸೋರಿಕೆಯನ್ನು ಕೈಬೆರಳಿನಿಂದ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಹೊಮ್ಮುವ ಅಧಿಕ ಒತ್ತಡದ ಎಣ್ಣೆಯು ಚರ್ಮವನ್ನು ಭೇದಿಸಿ ಒಳಸೇರುತ್ತದೆ. ರಟ್ಟಿನ ತುಂಡನ್ನು ಹೋಸ್‌ನ ಹತ್ತಿರ ಹಿಡಿದಲ್ಲಿ ಎಣ್ಣೆಯ ಕಲೆಯಿಂದ ಸೋರಿಕೆಯ ಸ್ಥಳ ತಿಳಿಯುತ್ತದೆ.

(4) ಎಣ್ಣೆಯು ಚರ್ಮದೊಳಗೆ ಸೇರಿದಲ್ಲಿ ಆರಂಭದಲ್ಲಿ ಸಣ್ಣ ಚುಕ್ಕೆ ಮಾತ್ರ ಕಾಣಬಹುದು, ನೋವು ಕಡಿಮೆ ಇರಬಹುದು. ಆದಾಗ್ಯೂ ಮನೆಮದ್ದು ಮಾಡುತ್ತಾ ಕಾಯದೆ ತಕ್ಷಣ ಆಸ್ಪತ್ರೆಗೆ ತೆರಳಿ, ಹೈಡ್ರಾಲಿಕ್ ಎಣ್ಣೆ ಒಳಸೇರಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ವಿಳಂಬವಾದಲ್ಲಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

(5) ಹೋಸ್ ಬಿಚ್ಚುವ ಮುನ್ನ ಎಂಜಿನ್ ನಿಲ್ಲಿಸಿ, ಚುಕ್ಕಾಣಿ ಚಕ್ರವನ್ನು ಎರಡೂ ಕಡೆಗೆ ಕೆಲವು ಬಾರಿ ತಿರುಗಿಸಿ ಒತ್ತಡವನ್ನು ಇಳಿಸತಕ್ಕದ್ದು.

4. ರೈತರು ತಾವೇ ಮಾಡಬಹುದಾದ ಪರೀಕ್ಷೆಗಳು

ಈ ಕೆಳಕಂಡ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡುವುದು ಸೂಕ್ತ. ಇವುಗಳಿಗೆ ವಿಶೇಷ ಸಾಧನಗಳು ಬೇಕಾಗುವುದಿಲ್ಲ.

ಹಂತ 1: ಟೈರ್ ಮತ್ತು ಭಾರ. ಮುಂದಿನ ಎರಡೂ ಟೈರ್‌ಗಳ ಗಾಳಿಯನ್ನು ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣಕ್ಕೆ ತರತಕ್ಕದ್ದು. ಗಾಳಿ ಕಡಿಮೆಯಾದ ಟೈರ್‌ನಿಂದಲೇ ಸ್ಟಿಯರಿಂಗ್ ಬಿಗಿಯಾಗುತ್ತದೆ. ಒಂದು ಟೈರ್‌ನಲ್ಲಿ ಮಾತ್ರ ಗಾಳಿ ಕಡಿಮೆಯಿದ್ದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆಯುತ್ತದೆ. ಮುಂಭಾಗಕ್ಕೆ ಹೆಚ್ಚುವರಿ ತೂಕ ಅಥವಾ ಲೋಡರ್ ಅಳವಡಿಸಿದ್ದಲ್ಲಿ ಅದನ್ನೂ ಪರಿಗಣಿಸತಕ್ಕದ್ದು.

ಹಂತ 2: ಎಣ್ಣೆಯ ಮಟ್ಟ ಮತ್ತು ಬಣ್ಣ. ಎಂಜಿನ್ ನಿಲ್ಲಿಸಿ, ತೊಟ್ಟಿಯ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿದ ನಂತರವೇ ತೆರೆದು ನೋಡತಕ್ಕದ್ದು. ಎಣ್ಣೆಯು ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು, ನೊರೆಯಿಂದ ಕೂಡಿದ್ದರೆ ಗಾಳಿ ಎಳೆದುಕೊಳ್ಳುತ್ತಿದೆಯೆಂದು, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಬಿಸಿಯಾಗಿದೆಯೆಂದು ತಿಳಿಯಬೇಕು. ಬೇಲೂರು ಭಾಗದಲ್ಲಿ ಕೆಸರುಗದ್ದೆ ಉಳುಮೆ ಮಾಡುವ ಹಾಗೂ ಪದೇ ಪದೇ ನೀರಿನಿಂದ ತೊಳೆಯುವ ಟ್ರ್ಯಾಕ್ಟರ್‌ಗಳಲ್ಲಿ ನೀರು ಸೇರಿರುವುದನ್ನೂ, ಅರಸೀಕೆರೆ ಭಾಗದ ಒಣ ಕೆಂಪು ಮಣ್ಣಿನಲ್ಲಿ ದುಡಿಯುವ ಟ್ರ್ಯಾಕ್ಟರ್‌ಗಳಲ್ಲಿ ಮುಚ್ಚಳದ ಉಸಿರುರಂಧ್ರದ ಮೂಲಕ ಧೂಳು ಸೇರಿರುವುದನ್ನೂ ವಿಶೇಷವಾಗಿ ಗಮನಿಸತಕ್ಕದ್ದು.

ಎಣ್ಣೆ ಕಡಿಮೆಯಿದ್ದಲ್ಲಿ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬತಕ್ಕದ್ದು. ಯಾವುದೇ ಕಾರಣಕ್ಕೂ ಬ್ರೇಕ್ ಎಣ್ಣೆಯನ್ನು ಸುರಿಯಬಾರದು. ಅದು ಸ್ಟಿಯರಿಂಗ್ ವ್ಯವಸ್ಥೆಯ ರಬ್ಬರ್ ಸೀಲುಗಳನ್ನು ಊದಿಸಿ ಹಾಳುಮಾಡುತ್ತದೆ. ಎಣ್ಣೆ ತಾನಾಗಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರಿದೆ ಎಂದೇ ಅರ್ಥ. ಹೊರಗೆ ಸೋರಿಕೆ ಕಾಣದಿದ್ದರೂ ಎಣ್ಣೆ ಇಳಿಯುತ್ತಿದ್ದರೆ, ಗೇರ್‌ನಿಂದ ನಡೆಯುವ ಪಂಪಿನ ಶಾಫ್ಟ್ ಸೀಲಿನ ಮೂಲಕ ಅದು ಎಂಜಿನ್‌ನ ಎಣ್ಣೆಗೆ ಸೇರುತ್ತಿರಬಹುದು. ಆಗ ಎಂಜಿನ್ ಎಣ್ಣೆಯ ಮಟ್ಟ ಏರಿದೆಯೇ ಎಂದು ನೋಡತಕ್ಕದ್ದು.

ಹಂತ 3: ಜಾಲರಿ ಮತ್ತು ಹೀರುವ ಹೋಸ್. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಜಾಲರಿಯನ್ನು ಬದಲಿಸದಿದ್ದಲ್ಲಿ ಮೊದಲು ಅದನ್ನೇ ಬದಲಿಸತಕ್ಕದ್ದು. ತೊಟ್ಟಿಯಿಂದ ಪಂಪಿಗೆ ಹೋಗುವ ಹೋಸ್‌ನ ಬಿಗಿಪಟ್ಟಿಗಳು ಸಡಿಲವಾಗಿದ್ದರೆ ಎಣ್ಣೆ ಹೊರಗೆ ಸೋರದೆ ಗಾಳಿ ಒಳಗೆ ಸೇರುತ್ತದೆ. ಹಳೆಯ ಹೋಸ್‌ನ ಒಳಪದರ ಕಳಚಿ ದಾರಿಯನ್ನು ಮುಚ್ಚುವುದೂ ಉಂಟು.

ಹಂತ 4: ಪಂಪಿನ ಚಾಲನೆ. ಪಂಪು ಬೆಲ್ಟ್‌ನಿಂದ ನಡೆಯುವ ಮಾದರಿಯಾಗಿದ್ದಲ್ಲಿ ಎಂಜಿನ್ ನಿಲ್ಲಿಸಿ ಬೆಲ್ಟ್‌ನ ಬಿಗುವನ್ನು ಪರೀಕ್ಷಿಸತಕ್ಕದ್ದು. ಎಣ್ಣೆ ತಾಗಿದ ಅಥವಾ ಸವೆದು ಹೊಳಪಾದ ಬೆಲ್ಟ್ ಭಾರ ಬಿದ್ದಾಗ ಜಾರುತ್ತದೆ.

ಹಂತ 5: ಹೋಸ್‌ಗಳು ಮತ್ತು ಸಿಲಿಂಡರ್. ಪ್ರತಿಯೊಂದು ಹೋಸ್‌ನ ಉದ್ದಕ್ಕೂ ಬಿರುಕು, ಉಬ್ಬು, ಉಜ್ಜಿದ ಗುರುತು, ಹೊರಬಂದ ತಂತಿ ಇವೆಯೇ ಎಂದು ನೋಡತಕ್ಕದ್ದು. ಸಿಲಿಂಡರ್‌ನ ಹೊಳೆಯುವ ಸಲಾಕೆಯ ಮೇಲೆ ತುಕ್ಕು ಅಥವಾ ಗೀರುಗಳಿದ್ದರೆ ಹೊಸ ಸೀಲು ಹಾಕಿದರೂ ಬಾಳಿಕೆ ಬರುವುದಿಲ್ಲ.

ಹಂತ 6: ಮುಂಗಾಲಿಗಳನ್ನು ಎತ್ತಿ ಮಾಡುವ ಪರೀಕ್ಷೆ. ಎಲ್ಲ ಪರೀಕ್ಷೆಗಳ ಪೈಕಿ ಇದು ಅತ್ಯಂತ ಉಪಯುಕ್ತ. ಮುಂಗಾಲಿಗಳನ್ನು ನೆಲದಿಂದ ಎತ್ತಿ ಆಸರೆ ನೀಡಿ, ಎಂಜಿನ್ ಚಾಲನೆ ಮಾಡಿ ಚುಕ್ಕಾಣಿಯನ್ನು ಎರಡೂ ಕಡೆಗೆ ತಿರುಗಿಸಿ ನೋಡತಕ್ಕದ್ದು.

- ಗಾಲಿಗಳು ಮೇಲೆತ್ತಿದಾಗ ಸುಲಭವಾಗಿ ತಿರುಗಿ, ನೆಲದ ಮೇಲೆ ಮಾತ್ರ ಬಿಗಿಯಾದರೆ ಎಣ್ಣೆಯ ಒತ್ತಡ ಸಾಲದಾಗಿದೆ ಎಂದರ್ಥ. ದೋಷವು ಜಾಲರಿ, ರಿಲೀಫ್ ವಾಲ್ವ್, ಪಂಪು ಅಥವಾ ಒಳಸೋರಿಕೆಯಲ್ಲಿದೆ.

- ಮೇಲೆತ್ತಿದಾಗಲೂ ಬಿಗಿಯಾಗಿಯೇ ಇದ್ದರೆ ಕಿಂಗ್‌ಪಿನ್, ಬುಷ್, ಬಾಲ್ ಜಾಯಿಂಟ್, ಬಾಗಿದ ಸಲಾಕೆ, ಚುಕ್ಕಾಣಿ ಕಂಬದ ಬೇರಿಂಗ್ ಅಥವಾ ನಿಯಂತ್ರಣ ಘಟಕ ಸಿಕ್ಕಿಹಾಕಿಕೊಂಡಿರಬಹುದು. ಎಂಜಿನ್ ನಿಲ್ಲಿಸಿ, ಸಿಲಿಂಡರ್‌ನ ಸಲಾಕೆಯನ್ನು ಬೇರ್ಪಡಿಸಿ ಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡಿದಲ್ಲಿ, ಬಿಗಿತವು ಕಬ್ಬಿಣದ ಭಾಗಗಳಲ್ಲಿದೆಯೋ ಎಣ್ಣೆಯ ಭಾಗಗಳಲ್ಲಿದೆಯೋ ಎಂಬುದು ನಿರ್ಧಾರವಾಗುತ್ತದೆ.

ಗ್ರೀಸ್ ಕಾಣದೆ ವರ್ಷಗಳು ಕಳೆದ ಕಿಂಗ್‌ಪಿನ್‌ನಿಂದಾಗಿ ಬಿಗಿಯಾದ ಸ್ಟಿಯರಿಂಗ್‌ಗೆ ಹೊಸ ಪಂಪು ಹಾಕಿದರೂ ಪ್ರಯೋಜನವಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಹಂತ 7: ಸಡಿಲಿಕೆಯ ಅಳತೆ. ಟ್ರ್ಯಾಕ್ಟರ್ ನೆಲದ ಮೇಲೆ ನಿಂತಿದ್ದು ಎಂಜಿನ್ ಚಾಲನೆಯಲ್ಲಿರುವಾಗ, ಗಾಲಿಗಳು ನೇರವಾಗಿರುವಂತೆ ಇರಿಸಿ ಚುಕ್ಕಾಣಿ ಚಕ್ರವನ್ನು ನಿಧಾನವಾಗಿ ತಿರುಗಿಸತಕ್ಕದ್ದು. ಗಾಲಿ ಅಲುಗುವ ಮುನ್ನ ಚುಕ್ಕಾಣಿ ಎಷ್ಟು ತಿರುಗಿತೆಂದು ಇನ್ನೊಬ್ಬರ ನೆರವಿನಿಂದ ಗುರುತಿಸತಕ್ಕದ್ದು. ಇದಕ್ಕೆ ಸಂಬಂಧಿಸಿದ ಕಾನೂನುಬದ್ಧ ಮಿತಿಯನ್ನು ಕಂಡಿಕೆ 8ರಲ್ಲಿ ವಿವರಿಸಲಾಗಿದೆ.

5. ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

(1) ಎರಡೂ ಕಡೆಗೆ, ಎಲ್ಲ ವೇಗಗಳಲ್ಲಿ ಬಿಗಿ: ಎಣ್ಣೆ ಕಡಿಮೆ, ಜಾಲರಿ ಕಟ್ಟಿದೆ, ರಿಲೀಫ್ ವಾಲ್ವ್ ತೆರೆದೇ ಉಳಿದಿದೆ ಅಥವಾ ಪಂಪು ಸವೆದಿದೆ.

(2) ಎಂಜಿನ್ ನಿಧಾನವಾಗಿ ಓಡುವಾಗ ಮಾತ್ರ ಬಿಗಿ, ವೇಗ ಹೆಚ್ಚಿಸಿದಾಗ ಸರಿ: ಪಂಪಿನ ಸವೆತ, ಜಾರುವ ಬೆಲ್ಟ್ ಅಥವಾ ಎಂಜಿನ್‌ನ ಕನಿಷ್ಠ ವೇಗ ತೀರಾ ಕಡಿಮೆ ಇರುವುದು.

(3) ಬೆಳಿಗ್ಗೆ ಸರಿಯಿದ್ದು, ಕೆಲವು ಗಂಟೆ ದುಡಿದ ನಂತರ ಬಿಗಿ: ಬಿಸಿಯಾದ ಎಣ್ಣೆ ತೆಳುವಾಗಿ ಸವೆದ ಪಂಪು, ಘಟಕ ಅಥವಾ ಸಿಲಿಂಡರ್‌ನೊಳಗೆ ಸೋರುತ್ತಿದೆ.

(4) ಒಂದೇ ಕಡೆಗೆ ಬಿಗಿ: ಪಂಪು ಎರಡೂ ಕಡೆಗೆ ಸಮಾನವಾದುದರಿಂದ ದೋಷ ಅದರಲ್ಲಿರುವ ಸಂಭವ ಕಡಿಮೆ. ನಿಯಂತ್ರಣ ಘಟಕ, ಆ ಕಡೆಯ ಹೋಸ್, ಸಿಲಿಂಡರ್ ಅಥವಾ ಬಾಗಿದ ಸಲಾಕೆಯನ್ನು ಪರೀಕ್ಷಿಸತಕ್ಕದ್ದು.

(5) ಜರ್ಕ್ ಹೊಡೆಯುತ್ತಾ ತಿರುಗುವುದು, ತೊಟ್ಟಿಯಲ್ಲಿ ನೊರೆ: ವ್ಯವಸ್ಥೆಯೊಳಗೆ ಗಾಳಿ.

(6) ಪಂಪಿನಿಂದ ಕೀರಲು ಶಬ್ದ: ಪಂಪಿಗೆ ಸಾಕಷ್ಟು ಎಣ್ಣೆ ದೊರೆಯುತ್ತಿಲ್ಲ. ಎಣ್ಣೆಯ ಮಟ್ಟ, ಜಾಲರಿ, ಹೀರುವ ಹೋಸ್ ನೋಡತಕ್ಕದ್ದು. ಈ ಸ್ಥಿತಿಯಲ್ಲಿ ಓಡಿಸಿದಲ್ಲಿ ಒಳ್ಳೆಯ ಪಂಪು ಕೂಡ ಹಾಳಾಗುತ್ತದೆ.

(7) ರಸ್ತೆಯಲ್ಲಿ ಮುಂಗಾಲಿಗಳು ಓಲಾಡುವುದು: ಗಾಲಿಯ ಬೇರಿಂಗ್, ಬಾಲ್ ಜಾಯಿಂಟ್, ಕಿಂಗ್‌ಪಿನ್ ಬುಷ್ ಅಥವಾ ಗಾಲಿಗಳ ಜೋಡಣೆಯ ದೋಷ. ಇದಕ್ಕೆ ಮೊದಲು ಎಣ್ಣೆಯ ಭಾಗಗಳನ್ನು ಬಿಚ್ಚತಕ್ಕದ್ದಲ್ಲ.

(8) ಸ್ಟಿಯರಿಂಗ್ ಹಗುರವಾಗಿ ತಿರುಗಿದರೂ ಟ್ರ್ಯಾಕ್ಟರ್ ತಿರುಗದಿರುವುದು: ಟ್ರೇಲರ್‌ನ ಅತಿಭಾರದಿಂದ ಮುಂಗಾಲಿಗಳು ನೆಲ ಬಿಡುತ್ತಿವೆ. ಸ್ಟಿಯರಿಂಗ್ ಹಿಡಿತಕ್ಕೆ ಟ್ರ್ಯಾಕ್ಟರ್‌ನ ತೂಕದ ಕನಿಷ್ಠ ಶೇ. 20ರಷ್ಟು ಮುಂದಿನ ಆಕ್ಸಲ್‌ನ ಮೇಲೆ ಇರಬೇಕೆಂಬುದು ಸಾಮಾನ್ಯ ನಿಯಮ. ಇದಕ್ಕೆ ದುರಸ್ತಿಯಲ್ಲ, ಭಾರ ಇಳಿಸುವುದೇ ಪರಿಹಾರ.

6. ಮೆಕ್ಯಾನಿಕ್‌ರಿಂದ ಮಾಡಿಸಬೇಕಾದ ಪರೀಕ್ಷೆಗಳು

ಮೇಲಿನ ಪರೀಕ್ಷೆಗಳಿಂದ ದೋಷವು ಎಣ್ಣೆಯ ಒತ್ತಡಕ್ಕೆ ಸಂಬಂಧಿಸಿದ್ದೆಂದು ತಿಳಿದಲ್ಲಿ, ಯಾವುದೇ ದೊಡ್ಡ ಭಾಗವನ್ನು ಖರೀದಿಸುವ ಮುನ್ನ ಈ ಕೆಳಕಂಡ ಪರೀಕ್ಷೆಗಳನ್ನು ಮಾಡಿಸುವಂತೆ ಕೋರಲಾಗಿದೆ.

(ಅ) ಒತ್ತಡದ ಅಳತೆ: ಪಂಪಿನ ಹೊರದಾರಿಗೆ ಮಾಪಕ ಜೋಡಿಸಿ, ಚುಕ್ಕಾಣಿಯನ್ನು ಕೊನೆಯವರೆಗೆ ತಿರುಗಿಸಿ ಒತ್ತಡವನ್ನು ಓದಿ, ಆ ಮಾದರಿಯ ಕೈಪಿಡಿಯಲ್ಲಿ ನೀಡಿದ ಅಂಕಿಯೊಡನೆ ಹೋಲಿಸಬೇಕು. ಚುಕ್ಕಾಣಿಯನ್ನು ಕೊನೆಯಲ್ಲಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದಿಡಬಾರದು. ಎಣ್ಣೆ ಬೇಗನೆ ಕಾಯುತ್ತದೆ. ಮಾಪಕವಿಲ್ಲದೆ ರಿಲೀಫ್ ವಾಲ್ವ್‌ನ ತಿರುಪನ್ನು ಬಿಗಿ ಮಾಡಿ ಸ್ಟಿಯರಿಂಗನ್ನು ಹಗುರಗೊಳಿಸುವ ಪದ್ಧತಿ ಸರಿಯಲ್ಲ. ಇದರಿಂದ ಹೋಸ್ ಒಡೆಯುವ ಅಪಾಯವಿದೆ.

(ಆ) ಸಿಲಿಂಡರ್‌ನ ಒಳಸೋರಿಕೆ: ಸಲಾಕೆಯನ್ನು ಒಂದು ಕೊನೆಗೆ ತಂದು, ಎಂಜಿನ್ ನಿಲ್ಲಿಸಿ, ಎಣ್ಣೆ ಮರಳುವ ಕಡೆಯ ಹೋಸನ್ನು ಸಿಲಿಂಡರ್‌ನಿಂದ ಬಿಚ್ಚಿ ಆ ಹೋಸ್‌ಗೆ ಬಿರಡೆ ಹಾಕಿ, ಎಂಜಿನ್ ಚಾಲನೆ ಮಾಡಿ ಅದೇ ದಿಕ್ಕಿಗೆ ಒತ್ತಬೇಕು. ಸಿಲಿಂಡರ್‌ನ ತೆರೆದ ಬಾಯಿಯಿಂದ ಎಣ್ಣೆ ನಿರಂತರವಾಗಿ ಹರಿದರೆ ಒಳಗಿನ ಪಿಸ್ಟನ್ ಸೀಲು ಹೋಗಿದೆ. ಹರಿಯದಿದ್ದರೆ ಸಿಲಿಂಡರ್ ಸರಿಯಿದ್ದು, ನಿಯಂತ್ರಣ ಘಟಕವನ್ನು ಪರೀಕ್ಷಿಸಬೇಕು. ಕಣ್ಣಿಗೆ ರಕ್ಷಣೆ ಧರಿಸುವುದು ಕಡ್ಡಾಯ.

(ಇ) ಗಾಳಿ ತೆಗೆಯುವುದು: ಯಾವುದೇ ಭಾಗವನ್ನು ಬಿಚ್ಚಿ ಜೋಡಿಸಿದ ನಂತರ ತೊಟ್ಟಿಯನ್ನು ತುಂಬಿ, ಮುಂಗಾಲಿಗಳನ್ನು ಎತ್ತಿ, ಎಂಜಿನ್ ನಿಧಾನವಾಗಿ ಓಡುವಾಗ ಚುಕ್ಕಾಣಿಯನ್ನು ಎರಡೂ ಕಡೆಗೆ ಹಲವು ಬಾರಿ ಮೆಲ್ಲನೆ ತಿರುಗಿಸಿ, ನೊರೆ ನಿಲ್ಲುವವರೆಗೆ ಎಣ್ಣೆಯನ್ನು ಸರಿದೂಗಿಸಬೇಕು. ಹೊಸ ಪಂಪನ್ನು ಎಣ್ಣೆ ತುಂಬದೆ ಒಣದಾಗಿ ಓಡಿಸಬಾರದು.

ಬಿಚ್ಚುವ ಮುನ್ನ ಭಾಗಗಳ ಹೊರಮೈಯನ್ನು ಶುಚಿಗೊಳಿಸತಕ್ಕದ್ದು. ತೆರೆದ ಹೋಸ್‌ಗಳ ಬಾಯಿಗೆ ಬಟ್ಟೆಯ ಚಿಂದಿ ತುರುಕದೆ ಸ್ವಚ್ಛವಾದ ಬಿರಡೆ ಹಾಕತಕ್ಕದ್ದು. ಒಂದು ಚಿಟಿಕೆ ಮಣ್ಣು ಹೊಸ ನಿಯಂತ್ರಣ ಘಟಕವನ್ನು ಕೆಡಿಸಲು ಸಾಕು.

7. ಬಿಡಿಭಾಗಗಳ ಖರೀದಿ

(1) ಒತ್ತಡದ ಹೋಸ್‌ಗೆ ಬದಲಾಗಿ ನೀರಿನ ಅಥವಾ ಡೀಸೆಲ್ ಪೈಪನ್ನು ಬಿಗಿಪಟ್ಟಿಯಿಂದ ಕಟ್ಟುವುದು, ಒಡೆದ ಹೋಸ್‌ಗೆ ಸೈಕಲ್ ಟ್ಯೂಬ್ ಸುತ್ತುವುದು ಇವೆಲ್ಲವನ್ನೂ ತಾತ್ಕಾಲಿಕವಾಗಿಯೂ ಮಾಡತಕ್ಕದ್ದಲ್ಲ. ತಂತಿ ಹೆಣಿಗೆಯುಳ್ಳ, ಯಂತ್ರದಿಂದ ತುದಿ ಒತ್ತಿದ ಹೈಡ್ರಾಲಿಕ್ ಹೋಸನ್ನೇ ಅಳತೆಗೆ ಸರಿಯಾಗಿ ಮಾಡಿಸಿಕೊಳ್ಳತಕ್ಕದ್ದು.

(2) ತಯಾರಿಕೆ ನಿಂತಿರುವ ಟ್ರ್ಯಾಕ್ಟರ್‌ಗಳ ಮಾಲೀಕರು ಹೆಚ್ಚಿನ ಎಚ್ಚರ ವಹಿಸಬೇಕು. ಉದಾಹರಣೆಗೆ, 1971ರಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯ ಪಿಂಜೋರ್‌ನ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಅನುಮೋದನೆ ನೀಡಿತು. ಇಂತಹ ಟ್ರ್ಯಾಕ್ಟರ್‌ಗಳಿಗೆ ಬಿಡಿಭಾಗ ಕೊಳ್ಳುವಾಗ ಹಳೆಯ ಭಾಗವನ್ನು ಜೊತೆಯಲ್ಲಿ ಒಯ್ದು, ಅದರ ಮೇಲಿನ ಸಂಖ್ಯೆ, ಪಂಪಿನ ತಿರುಗುವ ದಿಕ್ಕು, ಸೀಲಿನ ಒಳ ಹಾಗೂ ಹೊರ ಅಳತೆಗಳನ್ನು ಹೋಲಿಸಿ ನೋಡತಕ್ಕದ್ದು.

(3) ಪಂಪು ಒಳಗೇ ಮುರಿದು ಬದಲಾಯಿಸುವ ಸಂದರ್ಭದಲ್ಲಿ ಲೋಹದ ಚೂರುಗಳು ಎಲ್ಲೆಡೆ ಹರಡಿರುತ್ತವೆ. ತೊಟ್ಟಿ, ಹೋಸ್‌ಗಳನ್ನು ತೊಳೆದು, ಜಾಲರಿ ಮತ್ತು ಎಣ್ಣೆಯನ್ನು ಬದಲಿಸದಿದ್ದಲ್ಲಿ ಹೊಸ ಪಂಪು ಬೇಗನೆ ಕೆಡುತ್ತದೆ.

(4) ಸಾಮಾನ್ಯ ಸ್ಟಿಯರಿಂಗ್ ಇರುವ ಹಳೆಯ ಟ್ರ್ಯಾಕ್ಟರ್‌ಗೆ ಹೊರಗಿನ ಪವರ್ ಸ್ಟಿಯರಿಂಗ್ ಕಿಟ್ ಅಳವಡಿಸಲು ಇಚ್ಛಿಸುವವರು, ವಾಹನದ ಮಾರ್ಪಾಡನ್ನು ನಿಯಂತ್ರಿಸುವ ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನ ಹಿನ್ನೆಲೆಯಲ್ಲಿ ನೋಂದಣಿ ಪ್ರಾಧಿಕಾರದಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

8. ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರಿಗೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೇತರ ವಾಹನವಾಗಿದೆ. ಮೋಟಾರು ವಾಹನಗಳ ಅಧಿನಿಯಮದ 41ನೇ ಕಲಮಿನನ್ವಯ ಇದರ ನೋಂದಣಿ ಪತ್ರವು 15 ವರ್ಷಗಳ ಕಾಲ ಚಾಲ್ತಿಯಲ್ಲಿರುತ್ತದೆ. ಅನಂತರ 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಅಲ್ಲದಂತೆ, ತಮ್ಮ ತಾಲ್ಲೂಕಿಗೆ ಸಂಬಂಧಿಸಿದ ಸಾರಿಗೆ ಕಚೇರಿಗೆ ಸಲ್ಲಿಸಬೇಕು. ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಟ್ರೇಲರ್‌ಗೆ ಪ್ರತ್ಯೇಕ ನೋಂದಣಿ ಇರುವುದರಿಂದ ಅದರ ಅವಧಿಯನ್ನೂ ಪರಿಶೀಲಿಸಿಕೊಳ್ಳತಕ್ಕದ್ದು.

ಸದರಿ ನಿಯಮಗಳ 98ನೇ ನಿಯಮದಂತೆ ಸ್ಟಿಯರಿಂಗ್ ವ್ಯವಸ್ಥೆಯು ಸುಸ್ಥಿತಿಯಲ್ಲಿರಬೇಕು. ಚುಕ್ಕಾಣಿ ಚಕ್ರದಲ್ಲಿನ ಸಡಿಲಿಕೆಯು 30 ಡಿಗ್ರಿಯನ್ನು ಮೀರಬಾರದು. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು. ಜೋಡಣೆಯ ಬೋಲ್ಟ್ ಹಾಗೂ ಪಿನ್‌ಗಳು ಕಳಚದಂತೆ ಭದ್ರವಾಗಿರಬೇಕು. ಗಡಿಯಾರದ ಮುಖದಲ್ಲಿ 12ರಿಂದ 1ರವರೆಗಿನ ಅಂತರವೇ 30 ಡಿಗ್ರಿ. 40 ಸೆಂ.ಮೀ. ವ್ಯಾಸದ ಚುಕ್ಕಾಣಿ ಚಕ್ರದ ಅಂಚಿನಲ್ಲಿ ಇದು ಸುಮಾರು 10 ಸೆಂ.ಮೀ. ಆಗುತ್ತದೆ. ಕಂಡಿಕೆ 4ರ 7ನೇ ಹಂತದ ಅಳತೆಯು ಇದನ್ನು ಮೀರಿದಲ್ಲಿ ಅರ್ಜಿ ಸಲ್ಲಿಸುವ ಮುನ್ನವೇ ದುರಸ್ತಿ ಮಾಡಿಸಿಕೊಂಡಲ್ಲಿ ತಪಾಸಣೆಗೆ ಮತ್ತೆ ಅಲೆಯುವುದು ತಪ್ಪುತ್ತದೆ.

9. ದುರಸ್ತಿಯ ಅವಧಿಯಲ್ಲಿ ಲಭ್ಯವಿರುವ ಸೇವೆಗಳು

(1) ಹಂಗಾಮಿನ ನಡುವೆ ಟ್ರ್ಯಾಕ್ಟರ್ ದುರಸ್ತಿಗೆ ನಿಂತಲ್ಲಿ, 2014-15ರಿಂದ ಜಾರಿಗೆ ಬಂದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳಿರುವ ಹೋಬಳಿಗಳಲ್ಲಿ ಟ್ರ್ಯಾಕ್ಟರ್ ಮತ್ತು ಉಪಕರಣಗಳನ್ನು ಬಾಡಿಗೆಗೆ ಪಡೆಯಬಹುದು. ವಿವರಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.

(2) ಕೃಷಿ ಯಾಂತ್ರೀಕರಣ ಯೋಜನೆಗಳ ಸಹಾಯಧನವು ಯಂತ್ರೋಪಕರಣಗಳ ಖರೀದಿಗೆ ಸಂಬಂಧಿಸಿದ್ದಾಗಿದೆ. ಅರ್ಜಿ ಸಲ್ಲಿಸಲು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡು ಗುರುತಿನ ಸಂಖ್ಯೆ ಪಡೆದಿರಬೇಕು.

(3) ಕೃಷಿ ಸಂಬಂಧಿತ ಸಲಹೆಯನ್ನು ಕನ್ನಡದಲ್ಲಿಯೇ ಪಡೆಯಲು ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ 1800-180-1551ಕ್ಕೆ ಕರೆ ಮಾಡಬಹುದು. ಹಾಸನ ಸಮೀಪದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಕಾರ್ಯಕ್ರಮಗಳ ಬಗ್ಗೆ ವಿಚಾರಿಸಬಹುದು.

(4) ಟ್ರ್ಯಾಕ್ಟರ್ ಚಾಲನೆ, ನಿರ್ವಹಣೆ ಮತ್ತು ದುರಸ್ತಿಯ ಬಗ್ಗೆ ಕ್ರಮಬದ್ಧ ತರಬೇತಿ ಬಯಸುವ ಗ್ರಾಮೀಣ ಯುವಕರಿಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ತರಬೇತಿ ನೀಡುತ್ತದೆ.

10. ದುರಸ್ತಿಯಲ್ಲಿ ಲೋಪ ಕಂಡುಬಂದಲ್ಲಿ

ದುರಸ್ತಿಗೆ ನೀಡುವಾಗ ದೋಷದ ಲಕ್ಷಣ, ಮಾಡಬೇಕಾದ ಕೆಲಸ ಮತ್ತು ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯತಕ್ಕದ್ದು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದು, ಬಿಲ್ಲನ್ನು ಜೋಪಾನವಾಗಿಡತಕ್ಕದ್ದು. ಹಣ ಪಡೆದು ಮಾಡಿದ ದುರಸ್ತಿಯಲ್ಲಿ ಲೋಪವಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಾಲಿಗಳು ನೇರವಾಗಿದ್ದರೂ ಚುಕ್ಕಾಣಿಯ ಮೇಲಿನ ಹಿಡಿಗುಬ್ಬಿ ಪ್ರತಿ ಬಾರಿಯೂ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಇದು ದೋಷವೇ?
ಉತ್ತರ: ಪೂರ್ಣ ಹೈಡ್ರಾಲಿಕ್ ಬಗೆಯಲ್ಲಿ ಸ್ವಲ್ಪ ಮಟ್ಟಿಗೆ ಇದು ಸಹಜ. ಆದರೆ ಗಾಲಿಗಳು ಕೊನೆ ತಲುಪಿದ ನಂತರವೂ ಚುಕ್ಕಾಣಿಯು ಸಲೀಸಾಗಿ ತಿರುಗುತ್ತಲೇ ಇದ್ದರೆ ಒಳಸೋರಿಕೆ ಇದೆ ಎಂದರ್ಥ.

ಪ್ರಶ್ನೆ: ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ನಿಲ್ಲಿಸಿ ಟ್ರ್ಯಾಕ್ಟರ್ ಓಡಿಸಬಹುದೇ?
ಉತ್ತರ: ಖಂಡಿತ ಕೂಡದು. ಎಂಜಿನ್ ನಿಂತ ಕ್ಷಣವೇ ಪವರ್ ಸ್ಟಿಯರಿಂಗ್‌ನ ನೆರವು ನಿಲ್ಲುತ್ತದೆ; ಎಂಜಿನ್‌ನ ತಡೆಯೂ ಇಲ್ಲವಾಗುತ್ತದೆ.

ಪ್ರಶ್ನೆ: ಹೊಲದಲ್ಲಿ ಕೆಟ್ಟ ಟ್ರ್ಯಾಕ್ಟರನ್ನು ಎಳೆದು ತರಬಹುದೇ?
ಉತ್ತರ: ಹೋಸ್ ಒಡೆದ ಅಥವಾ ಎಣ್ಣೆ ಬರಿದಾದ ಪೂರ್ಣ ಹೈಡ್ರಾಲಿಕ್ ಟ್ರ್ಯಾಕ್ಟರನ್ನು ಎಳೆಯಬಾರದು; ಮೆಕ್ಯಾನಿಕ್‌ರನ್ನು ಸ್ಥಳಕ್ಕೆ ಕರೆಸುವುದು ಸೂಕ್ತ. ಸಿಲಿಂಡರ್‌ಗೆ ಹೋಗುವ ಹೋಸ್‌ಗಳು ಸರಿಯಿದ್ದು ಎಂಜಿನ್ ಮಾತ್ರ ಕೆಟ್ಟಿದ್ದಲ್ಲಿ, ಗಟ್ಟಿಯಾದ ಎಳೆಸಲಾಕೆ ಬಳಸಿ ಅತಿ ನಿಧಾನವಾಗಿ ಎಳೆಯಬಹುದು.

ಪ್ರಶ್ನೆ: ಈ ಪರೀಕ್ಷೆಗಳನ್ನು ಯಾವಾಗ ಮಾಡುವುದು ಸೂಕ್ತ?
ಉತ್ತರ: ಮುಂಗಾರು ಪೂರ್ವ ಉಳುಮೆ ಹಾಗೂ ಆಲೂಗಡ್ಡೆ ಬಿತ್ತನೆ ಆರಂಭವಾಗುವ ಮುನ್ನ, ಅಂದರೆ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಒಮ್ಮೆ ಪೂರ್ಣವಾಗಿ ಮಾಡತಕ್ಕದ್ದು. ಎಣ್ಣೆಯ ಮಟ್ಟ ಮತ್ತು ಹೋಸ್‌ಗಳನ್ನು ಪ್ರತಿದಿನ ಟ್ರ್ಯಾಕ್ಟರ್ ಹೊರಡಿಸುವ ಮುನ್ನ ನೋಡತಕ್ಕದ್ದು.

12. ವಿಶೇಷ ಸೂಚನೆ

ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ ಮಾರ್ಗದಲ್ಲಿ ಕೃಷಿ ಉತ್ಪನ್ನ ಸಾಗಿಸುವ ಟ್ರ್ಯಾಕ್ಟರ್‌ಗಳ ಜೊತೆಗೆ ಬಸ್ಸುಗಳೂ, ಪ್ರವಾಸಿ ವಾಹನಗಳೂ ಸಂಚರಿಸುತ್ತವೆ. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಊರಿನ ರಸ್ತೆಯ ಪರಿಚಯವಿಲ್ಲದ ಚಾಲಕರೂ ಈ ಮಾರ್ಗದಲ್ಲಿ ಬರುತ್ತಾರೆ. ಆದುದರಿಂದ ಸ್ಟಿಯರಿಂಗ್ ಬಗ್ಗೆ ಸಂಶಯವಿರುವ ಟ್ರ್ಯಾಕ್ಟರನ್ನು ಖಾಲಿ ಟ್ರೇಲರ್‌ನೊಂದಿಗೆ ಕೂಡ ರಸ್ತೆಗೆ ತರತಕ್ಕದ್ದಲ್ಲ. ಚಾಲನೆಯಲ್ಲಿರುವಾಗ ಸ್ಟಿಯರಿಂಗ್ ಹಠಾತ್ತನೆ ಬಿಗಿಯಾದಲ್ಲಿ ಅಥವಾ ಸಡಿಲವಾದಲ್ಲಿ, ವೇಗ ತಗ್ಗಿಸಿ, ಎರಡೂ ಬ್ರೇಕ್ ಪೆಡಲ್‌ಗಳನ್ನು ಒಟ್ಟಿಗೆ ಒತ್ತಿ ಟ್ರ್ಯಾಕ್ಟರನ್ನು ನಿಲ್ಲಿಸಿದ ನಂತರವೇ ಎಂಜಿನ್ ಆರಿಸತಕ್ಕದ್ದು. ರಸ್ತೆಯಲ್ಲಿ ಚಲಿಸುವಾಗ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೊಂಡಿಯಿಂದ ಜೋಡಿಸಿರುವುದು ಕಡ್ಡಾಯವಾಗಿ ಪಾಲಿಸಬೇಕಾದ ಕ್ರಮ. ಅಪಘಾತವಾದಲ್ಲಿ ಆಂಬ್ಯುಲೆನ್ಸ್‌ಗೆ 108, ತುರ್ತು ನೆರವಿಗೆ 112ಕ್ಕೆ ಕರೆ ಮಾಡತಕ್ಕದ್ದು.

ರೈತ ಬಾಂಧವರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆಯೂ, ಕಂಡಿಕೆ 3 ಮತ್ತು 12ರ ಸುರಕ್ಷತಾ ಸೂಚನೆಗಳನ್ನು ತಮ್ಮ ಟ್ರ್ಯಾಕ್ಟರ್ ಓಡಿಸುವ ಮನೆಯವರಿಗೆ ಹಾಗೂ ಕೂಲಿ ಚಾಲಕರಿಗೆ ಓದಿ ಹೇಳುವಂತೆಯೂ ಕೋರಲಾಗಿದೆ.